ಪ್ರಾಥಮಿಕ ಲೋಮಾಂಗ: ಅರಿವಿನ ಚರಿತ್ರೆ ಮತ್ತು ಕರ್ನಾಟಕದ ಸಂದರ್ಭ

ಪೀಠಿಕೆ

ಮನುಷ್ಯ ದೇಹದ ಬಹುಪಾಲು ಜೀವಕೋಶಗಳ ಮೇಲ್ಮೈಯಿಂದ ಒಂದೇ ಒಂದು ಸೂಕ್ಷ್ಮವಾದ ಎಳೆ ಹೊರಚಾಚಿಕೊಂಡಿರುತ್ತದೆ. ಅದರ ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಿಂದ ನೂರರ ಒಂದು ಭಾಗದವರೆಗೆ ಇರಬಹುದು. ದಪ್ಪವಾದರೋ ಇದಕ್ಕಿಂತಲೂ ಬಹಳ ಕಡಿಮೆ. ಇದನ್ನು ವಿಜ್ಞಾನಿಗಳು ಪ್ರಾಥಮಿಕ ಲೋಮಾಂಗ ಅಥವಾ ಪ್ರಾಥಮಿಕ ಸಿಲಿಯಂ ಎಂದು ಕರೆಯುತ್ತಾರೆ. ಶ್ವಾಸನಾಳದ ಒಳಪದರದಲ್ಲಿ ನೂರಾರು ಸಂಖ್ಯೆಯಲ್ಲಿ ಗುಂಪಾಗಿದ್ದು, ಭತ್ತದ ಗದ್ದೆಯ ತೆನೆಗಳಂತೆ ಒಂದೇ ಲಯದಲ್ಲಿ ತೊನೆಯುತ್ತ ಕಫವನ್ನು ಮೇಲಕ್ಕೆ ತಳ್ಳುವ ಲೋಮಾಂಗಗಳು ಬೇರೆ. ಪ್ರತಿ ಕೋಶಕ್ಕೆ ಒಂದರಂತೆ ನಿಂತು, ಸಾಮಾನ್ಯವಾಗಿ ಚಲಿಸದೆ ಇರುವ ಈ ಒಂಟಿ ಲೋಮಾಂಗ ಬೇರೆ.

ಈ ಅಂಗಕದ ಚರಿತ್ರೆ ವಿಜ್ಞಾನದ ಇತಿಹಾಸದಲ್ಲಿ ವಿಶಿಷ್ಟವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಕಂಡು, ಚಿತ್ರಿಸಿ, ಇದರ ಕೆಲಸವೇನಿರಬಹುದೆಂದು ಸರಿಯಾಗಿಯೇ ಊಹಿಸಲಾಗಿತ್ತು. ಆದರೂ ಮುಂದಿನ ನೂರು ವರ್ಷಗಳ ಕಾಲ ಇದು ಉಪಯೋಗವಿಲ್ಲದ ಅವಶೇಷವೆಂಬ ಅಭಿಪ್ರಾಯವೇ ಪ್ರಬಲವಾಗಿತ್ತು. 2000ದ ನಂತರದ ಕೆಲವೇ ವರ್ಷಗಳಲ್ಲಿ ಈ ಅಭಿಪ್ರಾಯ ಸಂಪೂರ್ಣವಾಗಿ ತಲೆಕೆಳಗಾಯಿತು. ಮೂತ್ರಪಿಂಡದ ನೀರುಗುಳ್ಳೆಗಳು, ಬಾಲ್ಯದಲ್ಲಿಯೇ ಆರಂಭವಾಗುವ ಇರುಳುಗಣ್ಣು, ಕೈಕಾಲುಗಳಲ್ಲಿ ಹೆಚ್ಚುವರಿ ಬೆರಳು, ಅತಿಯಾದ ಬೊಜ್ಜು ಮೊದಲಾಗಿ ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ಅನೇಕ ತೊಂದರೆಗಳ ಮೂಲದಲ್ಲಿ ಈ ಒಂದೇ ಅಂಗಕದ ದೋಷವಿದೆಯೆಂಬುದು ತಿಳಿದುಬಂದಿತು. ಈ ರೋಗಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಾತ್ರ ಪ್ರಕಟವಾಗುವಂಥವು. ಆದ್ದರಿಂದ ಸೋದರಿಕೆಯ ಸಂಬಂಧಗಳು ರೂಢಿಯಲ್ಲಿರುವ ಕರ್ನಾಟಕಕ್ಕೆ, ಅದರಲ್ಲಿಯೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂಥ ಉತ್ತರದ ಪ್ರದೇಶಗಳಿಗೆ, ಈ ಅರಿವಿನ ಮಹತ್ವ ಕೇವಲ ಶಾಸ್ತ್ರೀಯವಾದುದಲ್ಲ. ಪ್ರಾಥಮಿಕ ಲೋಮಾಂಗದ ಬಗೆಗಿನ ತಿಳಿವಳಿಕೆ ಬೆಳೆದುಬಂದ ಬಗೆಯನ್ನೂ ನಮ್ಮ ನಾಡಿನ ಸಂದರ್ಭದಲ್ಲಿ ಅದರ ಪ್ರಸ್ತುತತೆಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ರಚನೆ

ಲೋಮಾಂಗದ ಚರಿತ್ರೆಯನ್ನು ಅರಿಯಲು ಅದರ ರಚನೆಯ ಸ್ಥೂಲ ಪರಿಚಯ ಅಗತ್ಯ. ಪ್ರಾಣಿಕೋಶದಲ್ಲಿ ಕೋಶಕೇಂದ್ರದ ಸಮೀಪ ಸೆಂಟ್ರಿಯೋಲ್ ಎಂಬ ಎರಡು ಕಿರಿದಾದ ಕೊಳವೆಯಾಕಾರದ ಅಂಗಕಗಳಿರುತ್ತವೆ. ಕೋಶವು ವಿಭಜನೆಗೊಳ್ಳುವಾಗ ಇವು ವರ್ಣತಂತುಗಳನ್ನು ಎಳೆಯುವ ಕದಿರಿನ ಎರಡು ತುದಿಗಳಲ್ಲಿ ನೆಲೆಸುತ್ತವೆ. ವಿಭಜನೆ ಮುಗಿದು ಕೋಶವು ವಿಶ್ರಾಂತ ಸ್ಥಿತಿಗೆ ಬಂದಾಗ, ಇವೆರಡರಲ್ಲಿ ಹಳೆಯದಾದ ತಾಯಿ ಸೆಂಟ್ರಿಯೋಲ್ ಕೋಶದ ಅಂಚಿಗೆ ಸರಿದು ಅಲ್ಲಿ ನೆಲೆಯೂರುತ್ತದೆ. ಅದರ ಗೋಡೆಯಲ್ಲಿ ಒಂಬತ್ತು ಗುಂಪು ಸೂಕ್ಷ್ಮನಾಳಿಕೆಗಳಿದ್ದು, ಪ್ರತಿ ಗುಂಪಿನಲ್ಲಿ ಮೂರು ನಾಳಿಕೆಗಳಿರುತ್ತವೆ. ಈ ಮೂರರಲ್ಲಿ ಎರಡೆರಡು ನಾಳಿಕೆಗಳು ಮುಂದುವರಿದು ಬೆಳೆದು, ಒಂಬತ್ತು ಜೋಡಿಗಳ ಒಂದು ಕಂಬವಾಗಿ ಹೊರಚಾಚುತ್ತವೆ. ಕೋಶಪೊರೆಯೇ ಇದರ ಮೇಲೆ ಹೊದಿಕೆಯಾಗಿರುತ್ತದೆ. ಚಲಿಸುವ ಲೋಮಾಂಗಗಳಲ್ಲಿ ಈ ಒಂಬತ್ತು ಜೋಡಿಗಳ ನಡುವೆ ಇನ್ನೂ ಎರಡು ಒಂಟಿ ನಾಳಿಕೆಗಳಿರುತ್ತವೆ. ಪ್ರಾಥಮಿಕ ಲೋಮಾಂಗದಲ್ಲಿ ಸಾಮಾನ್ಯವಾಗಿ ನಡುವಿನ ಈ ಜೋಡಿ ಇರುವುದಿಲ್ಲ. ಹೀಗಾಗಿ ಮೊದಲನೆಯದನ್ನು 9+2 ಎಂದೂ ಎರಡನೆಯದನ್ನು 9+0 ಎಂದೂ ಸೂಚಿಸುವುದು ವಾಡಿಕೆ.

ಲೋಮಾಂಗದೊಳಗೆ ಪ್ರೋಟೀನು ತಯಾರಾಗುವುದಿಲ್ಲ. ಅದರ ಬೆಳವಣಿಗೆಗೂ ಉಳಿವಿಗೂ ಬೇಕಾದ ಸಾಮಗ್ರಿಯೆಲ್ಲವೂ ಕೋಶದ ಒಡಲಿನಿಂದಲೇ ಬರಬೇಕು. ಇಳಕಲ್ಲಿನ ಕೈಮಗ್ಗದಲ್ಲಿ ಹಾಸಿನ ಎಳೆಗಳ ನಡುವೆ ಲಾಳಿಯು ಅತ್ತಿಂದಿತ್ತ ಓಡಾಡುವಂತೆ, ಇಲ್ಲಿಯೂ ಪ್ರೋಟೀನುಗಳ ಗುಚ್ಛಗಳು ನಾಳಿಕೆಗಳ ಉದ್ದಕ್ಕೂ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಸಂಚರಿಸುತ್ತಿರುತ್ತವೆ. ಹೋಲಿಕೆಗೆ ಒಂದು ಮಿತಿಯಿದೆ: ಮಗ್ಗದ ಲಾಳಿ ಹಾಸಿಗೆ ಅಡ್ಡಲಾಗಿ ಓಡಿದರೆ, ಲೋಮಾಂಗದ ಗುಚ್ಛಗಳು ನಾಳಿಕೆಯ ಗುಂಟವೇ ಸಾಗುತ್ತವೆ. ಆದರೆ ಲಾಳಿ ನಿಂತರೆ ನೇಯ್ಗೆ ನಿಲ್ಲುವಂತೆ, ಈ ಸಂಚಾರ ನಿಂತರೆ ಲೋಮಾಂಗ ಬೆಳೆಯದು, ಬೆಳೆದದ್ದೂ ಉಳಿಯದು ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಮೊದಲ ಕಾಣ್ಕೆಗಳು

ಲೋಮಾಂಗಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹೂಕ್. ತಾನೇ ಉಜ್ಜಿ ಸಿದ್ಧಪಡಿಸಿದ ಮಸೂರಗಳ ಮೂಲಕ ನೀರಿನ ಸೂಕ್ಷ್ಮಜೀವಿಗಳನ್ನು ನೋಡುತ್ತಿದ್ದ ಅವನು, 1670ರ ದಶಕದ ತನ್ನ ಪತ್ರಗಳಲ್ಲಿ ಆ ಜೀವಿಗಳಿಗೆ ಬಲು ಸಣ್ಣ ಕಾಲುಗಳಿರುವುದಾಗಿ ವರ್ಣಿಸಿದನು. ಡೆನ್ಮಾರ್ಕಿನ ಓಟೋ ಫ್ರೀಡ್ರಿಕ್ ಮ್ಯುಲರನ 1786ರ ಗ್ರಂಥದಲ್ಲಿ ಇವುಗಳಿಗೆ ಕಣ್ರೆಪ್ಪೆಯ ಕೂದಲನ್ನು ಸೂಚಿಸುವ ಲ್ಯಾಟಿನ್ ಪದವಾದ ಸಿಲಿಯಾ ಎಂಬ ಹೆಸರು ಬಳಕೆಯಾಯಿತು. 1830ರ ದಶಕದಲ್ಲಿ ಪುರ್ಕಿನ್ಯೆ ಮತ್ತು ವ್ಯಾಲೆಂಟಿನ್ ಎಂಬ ವಿಜ್ಞಾನಿಗಳು ಬೆನ್ನೆಲುಬುಳ್ಳ ಪ್ರಾಣಿಗಳ ಒಳ ಅಂಗಗಳಲ್ಲಿಯೂ ಲೋಮಾಂಗಗಳ ಚಲನೆ ಇರುವುದನ್ನು ತೋರಿಸಿದರು. ಈ ಎಲ್ಲ ಕಾಣ್ಕೆಗಳಲ್ಲಿ ಸಾಮಾನ್ಯವಾದ ಒಂದು ಅಂಶವಿತ್ತು: ಲೋಮಾಂಗ ಗಮನಕ್ಕೆ ಬಂದದ್ದು ಅದು ಚಲಿಸುತ್ತಿದ್ದ ಕಾರಣದಿಂದ. ಲೋಮಾಂಗವೆಂದರೆ ಚಲನೆ ಎಂಬ ಸಮೀಕರಣ ಇಲ್ಲಿಂದಲೇ ಬೇರೂರಿತು.

ಕೋಶಕ್ಕೊಂದರಂತೆ ಇರುವ ಒಂಟಿ ಲೋಮಾಂಗದ ಮೊದಲ ವರದಿಗಳಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್ಸ್ಕಿಯ 1867ರ ಭ್ರೂಣಶಾಸ್ತ್ರೀಯ ಅಧ್ಯಯನವನ್ನು ಹೆಸರಿಸುವುದು ರೂಢಿ. ಆದರೆ ಸಸ್ತನಿಗಳಲ್ಲಿ, ಮನುಷ್ಯನ ಅಂಗಾಂಶವೂ ಸೇರಿದಂತೆ, ಇದನ್ನು ವ್ಯವಸ್ಥಿತವಾಗಿ ಪರಿಶೀಲಿಸಿದ ಕೀರ್ತಿ ಕಾರ್ಲ್ ವಿಲ್ಹೆಲ್ಮ್ ಝಿಮ್ಮರ್‌ಮಾನ್ ಎಂಬ ಅಂಗರಚನಾ ಶಾಸ್ತ್ರಜ್ಞನದು. 1898ರಲ್ಲಿ ಪ್ರಕಟವಾದ ತನ್ನ ಸುದೀರ್ಘ ಪ್ರಬಂಧದಲ್ಲಿ ಅವನು ಮೂತ್ರಪಿಂಡದ ನಾಳಗಳೂ ಸೇರಿದಂತೆ ಹಲವು ಅಂಗಾಂಶಗಳ ಕೋಶಗಳಲ್ಲಿ ಈ ಒಂಟಿ ಎಳೆಯನ್ನು ಗುರುತಿಸಿ, ಅದಕ್ಕೆ ಜರ್ಮನ್ ಭಾಷೆಯಲ್ಲಿ ಕೇಂದ್ರ ಕಶಾಂಗ ಎಂಬರ್ಥದ ಹೆಸರನ್ನಿತ್ತನು. ಚಲಿಸದ ಈ ಎಳೆ ಕೋಶದ ಹೊರಗಿನ ಸ್ಥಿತಿಯನ್ನು ಗ್ರಹಿಸುವ ಅಂಗವಾಗಿರಬಹುದೆಂಬ ಊಹೆಯನ್ನೂ ಮುಂದಿಟ್ಟನು. ಅದೇ 1898ರಲ್ಲಿ ಎನೆಗಿ ಮತ್ತು ಲೆನ್‌ಹೋಶೆಕ್ ಎಂಬಿಬ್ಬರು ಪ್ರತ್ಯೇಕವಾಗಿ, ಲೋಮಾಂಗದ ಬುಡದಲ್ಲಿರುವ ಕಣವೂ ಕೋಶವಿಭಜನೆಯಲ್ಲಿ ಪಾಲ್ಗೊಳ್ಳುವ ಸೆಂಟ್ರಿಯೋಲೂ ಒಂದೇ ಎಂಬ ವಾದವನ್ನು ಮಂಡಿಸಿದರು. ಹೀಗೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಈ ವಿಷಯದ ಎರಡು ಮುಖ್ಯ ಸತ್ಯಗಳು ಊಹೆಯ ರೂಪದಲ್ಲಿ ದಾಖಲಾಗಿದ್ದವು. ಅವುಗಳನ್ನು ಸಿದ್ಧಪಡಿಸಬಲ್ಲ ಉಪಕರಣಗಳು ಮಾತ್ರ ಆಗ ಇರಲಿಲ್ಲ.

ಅವಜ್ಞೆಯ ದಶಕಗಳು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಳಕೆ ಬೆಳೆದಂತೆ 1950ರ ದಶಕದಲ್ಲಿ ಲೋಮಾಂಗದ ಒಳರಚನೆ ಸ್ಪಷ್ಟವಾಯಿತು. ಐರೀನ್ ಮ್ಯಾಂಟನ್ ಮತ್ತು ಅವರ ಸಹೋದ್ಯೋಗಿ 1952ರಲ್ಲಿ ಪಾಚಿಸಸ್ಯವೊಂದರ ಪುಂಕೋಶದಲ್ಲಿಯೂ, ಡಾನ್ ಫಾಸೆಟ್ ಮತ್ತು ಕೀತ್ ಪೋರ್ಟರ್ 1954ರಲ್ಲಿ ಪ್ರಾಣಿಗಳ ಲೋಮಾಂಗಗಳಲ್ಲಿಯೂ 9+2 ವಿನ್ಯಾಸವನ್ನು ತೋರಿಸಿದರು. ಅಕ್ಷಿಪಟದಲ್ಲಿ ಬೆಳಕನ್ನು ಗ್ರಹಿಸುವ ಕೋಶದ ಹೊರಭಾಗವು ಒಂದು ಲೋಮಾಂಗದ ಮೂಲಕವೇ ಒಳಭಾಗಕ್ಕೆ ಜೋಡಣೆಯಾಗಿದೆಯೆಂಬುದೂ ಇದೇ ದಶಕದಲ್ಲಿ ತಿಳಿಯಿತು. 1961ರಲ್ಲಿ ಬಾರ್ನ್ಸ್ ಎಂಬ ಸಂಶೋಧಕರು ಇಲಿಯ ಪಿಟ್ಯುಟರಿ ಗ್ರಂಥಿಯ ಕೋಶಗಳಲ್ಲಿ ಒಂಟಿ ಲೋಮಾಂಗವನ್ನು ವರ್ಣಿಸಿ, ಅದಕ್ಕೆ ಸಂವೇದನೆಯ ಕಾರ್ಯವಿರಬಹುದೆಂದು ಸೂಚಿಸಿದರು. 1962ರಲ್ಲಿ ಸೆರ್ಗೆಯ್ ಸೊರೊಕಿನ್ ಈ ಲೋಮಾಂಗವು ಸೆಂಟ್ರಿಯೋಲಿನಿಂದ ಹಂತಹಂತವಾಗಿ ಬೆಳೆಯುವ ಕ್ರಮವನ್ನು ವಿವರಿಸಿದರು. 1968ರಲ್ಲಿ ಶ್ವಾಸಕೋಶದ ಬೆಳವಣಿಗೆಯನ್ನು ಕುರಿತ ಪ್ರಬಂಧದಲ್ಲಿ, ಚಲಿಸುವ ಲೋಮಾಂಗಗಳ ಗುಂಪು ಮೂಡುವುದಕ್ಕೆ ಮೊದಲೇ ಕಾಣಿಸಿಕೊಳ್ಳುವ ಈ ಒಂಟಿ ಲೋಮಾಂಗವನ್ನು ಅವರು ಪ್ರಾಥಮಿಕ ಲೋಮಾಂಗವೆಂದು ಕರೆದರು. ಇಂದಿಗೂ ಆ ಹೆಸರೇ ನಿಂತಿದೆ.

ಹೆಸರು ದೊರೆತರೂ ಮನ್ನಣೆ ದೊರೆಯಲಿಲ್ಲ. ಸೊರೊಕಿನ್ 1962ರಲ್ಲಿ ಬಳಸಿದ್ದ ಪದವೇ ಅಪೂರ್ಣ ಬೆಳವಣಿಗೆಯ ಲೋಮಾಂಗ ಎಂಬರ್ಥದ್ದಾಗಿತ್ತು. ಏಕಕೋಶ ಪೂರ್ವಜರಿಂದ ಉಳಿದುಬಂದು, ಈಗ ಕೆಲಸವಿಲ್ಲದ ಕುರುಹು ಇದೆಂಬ ಭಾವನೆ ವ್ಯಾಪಕವಾಗಿತ್ತು. ಇದಕ್ಕೆ ಕಾರಣಗಳನ್ನು ಹೀಗೆ ಗುರುತಿಸಬಹುದು.

ಮೊದಲನೆಯದಾಗಿ, ಚಲನೆಯೇ ಲೋಮಾಂಗದ ಲಕ್ಷಣವೆಂದು ಭಾವಿಸಿದ್ದವರಿಗೆ ಚಲಿಸದ ಲೋಮಾಂಗ ವಿಫಲ ಲೋಮಾಂಗವಾಗಿಯೇ ಕಂಡಿತು. 1960ರ ದಶಕದಲ್ಲಿ ಇಯಾನ್ ಗಿಬ್ಬನ್ಸ್ ಚಲನೆಗೆ ಕಾರಣವಾದ ಡೈನೀನ್ ಎಂಬ ಪ್ರೋಟೀನನ್ನು ಕಂಡುಹಿಡಿದಾಗ ಸಂಶೋಧಕರ ಗಮನವೆಲ್ಲ ಚಲಿಸುವ ಲೋಮಾಂಗಗಳತ್ತ ಹರಿಯಿತು. ಎರಡನೆಯದಾಗಿ, ಕೋಶಕ್ಕೆ ಒಂದೇ ಇರುವ ಎಳೆಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಕೊಯ್ದ ಅತಿ ತೆಳುವಾದ ಪದರದಲ್ಲಿ ಸಿಕ್ಕುವುದೇ ಅಪರೂಪವಾಗಿತ್ತು. ಮೂರನೆಯದಾಗಿ, ವಿಭಜನೆಗೆ ಮುನ್ನ ಕೋಶವು ತನ್ನ ಲೋಮಾಂಗವನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಪ್ರಯೋಗಾಲಯಗಳಲ್ಲಿ ಸಾಕುತ್ತಿದ್ದುದು ಸತತವಾಗಿ ವಿಭಜಿಸುವ ಕೋಶಗಳನ್ನೇ ಆದ್ದರಿಂದ, ನೋಡುವವರ ಎದುರಿನಲ್ಲಿಯೇ ಅದು ಮರೆಯಾಗಿರುತ್ತಿತ್ತು. ಪೋಷಕಾಂಶ ಕಡಿಮೆ ಮಾಡಿ ವಿಭಜನೆ ನಿಲ್ಲಿಸಿದಾಗ ಲೋಮಾಂಗ ಮೂಡುತ್ತದೆ ಎಂಬುದನ್ನು ಟಕರ್ ಮತ್ತು ಸಂಗಡಿಗರು 1979ರಲ್ಲಿ ತೋರಿಸಿದರು.

ಆದರೂ ಎಲ್ಲರೂ ಇದನ್ನು ಕಡೆಗಣಿಸಲಿಲ್ಲ. ಸ್ಕಾಟ್ಲೆಂಡಿನ ಡೆನಿಸ್ ವೀಟ್ಲಿ ದಶಕಗಳ ಕಾಲ ಒಂದೊಂದೇ ಅಂಗಾಂಶದಲ್ಲಿ ಪ್ರಾಥಮಿಕ ಲೋಮಾಂಗವನ್ನು ಹುಡುಕಿ ದಾಖಲಿಸುತ್ತ, ಇಷ್ಟು ವ್ಯಾಪಕವಾಗಿರುವ ಅಂಗಕ ನಿರುಪಯೋಗಿಯಾಗಿರಲಾರದೆಂದು ವಾದಿಸಿದರು. ಆಂಟನಿ ಪೂಲ್ 1985ರಲ್ಲಿ, ಮೃದ್ವಸ್ಥಿಯ ಕೋಶಗಳಲ್ಲಿ ಇದು ಸುತ್ತಲಿನ ಪರಿಸರವನ್ನು ತಡವಿ ನೋಡುವ ಸಾಧನವಾಗಿರಬೇಕೆಂದರು. ಅದೇ ವರ್ಷ ಲೋಮಾಂಗದ ನಾಳಿಕೆಗಳನ್ನು ಮಾತ್ರ ಆಯ್ದು ಬೆಳಗಿಸಬಲ್ಲ ಪ್ರತಿಕಾಯವೂ ಸಿದ್ಧವಾಗಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಇದನ್ನು ಸುಲಭವಾಗಿ ಎಣಿಸುವುದು ಸಾಧ್ಯವಾಯಿತು.

ಪಾಚಿಯಿಂದ ಮೂತ್ರಪಿಂಡಕ್ಕೆ

ತಿರುವು ಬಂದದ್ದು ವೈದ್ಯಶಾಸ್ತ್ರದಿಂದಲ್ಲ, ಕೆರೆಕುಂಟೆಗಳಲ್ಲಿ ಬೆಳೆಯುವ ಹಸಿರು ಪಾಚಿಯೊಂದರ ಅಧ್ಯಯನದಿಂದ. ಕ್ಲ್ಯಾಮಿಡೊಮೊನಾಸ್ ಎಂಬ ಈ ಏಕಕೋಶ ಜೀವಿಗೆ ಎರಡು ಕಶಾಂಗಗಳಿವೆ. ರಚನೆಯಲ್ಲಿ ಕಶಾಂಗಕ್ಕೂ ಲೋಮಾಂಗಕ್ಕೂ ಭೇದವಿಲ್ಲ. 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಯೆಲ್ ರೋಸೆನ್‌ಬಾಮ್ ಅವರ ಪ್ರಯೋಗಾಲಯದಲ್ಲಿ ಕೀತ್ ಕೊಜ್ಮಿನ್‌ಸ್ಕಿ, ಬಡಿತ ನಿಂತ ಕಶಾಂಗಗಳನ್ನು ವೀಡಿಯೊ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಅವುಗಳೊಳಗೆ ಕಣಗಳು ಎಡೆಬಿಡದೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿರುವುದು ಕಂಡಿತು. ತುದಿಯ ಕಡೆಗೆ ಅವುಗಳ ವೇಗ ಸೆಕೆಂಡಿಗೆ ಸುಮಾರು 2 ಮೈಕ್ರೋಮೀಟರ್. ಮರಳುವಾಗ ಸುಮಾರು 3.5 ಮೈಕ್ರೋಮೀಟರ್. ಈ ಸಂಚಾರಕ್ಕೆ ಅಂತರ್‌ಕಶಾಂಗ ಸಾಗಣೆ ಎಂಬ ಹೆಸರು ಬಂದಿತು. ಮುಂದೆ 1998ರಲ್ಲಿ ಈ ಸಾಗಣೆಯ ಪ್ರೋಟೀನುಗಳನ್ನು ಬೇರ್ಪಡಿಸಿ ಪರಿಶೀಲಿಸಿದಾಗ, ಒಂದು ಬಗೆಯ ದುಂಡುಹುಳುವಿನ ಸಂವೇದನಾ ಲೋಮಾಂಗಗಳಿಗೆ ಬೇಕಾದ ಪ್ರೋಟೀನುಗಳೊಡನೆ ಅವುಗಳಿಗೆ ಸಾಮ್ಯವಿರುವುದು ತಿಳಿಯಿತು.

ಇನ್ನೊಂದು ಎಳೆ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿತ್ತು. ಅಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬಿ ಸಾಯುವ ಇಲಿತಳಿಯೊಂದರಲ್ಲಿ ಕೆಟ್ಟಿರುವ ಜೀನನ್ನು 1994ರಲ್ಲಿ ಗುರುತಿಸಲಾಗಿತ್ತು. ಆ ಜೀನಿನ ಕೆಲಸವೇನೆಂಬುದು ಮಾತ್ರ ತಿಳಿದಿರಲಿಲ್ಲ. 2000ದಲ್ಲಿ ಗ್ರೆಗರಿ ಪಜೂರ್ ಮತ್ತು ಸಂಗಡಿಗರು, ಪಾಚಿಯಲ್ಲಿ ಸಾಗಣೆಗೆ ಬೇಕಾದ ಒಂದು ಪ್ರೋಟೀನಿನ ಜೀನೂ ಇಲಿಯ ಈ ಜೀನೂ ಒಂದೇ ಮೂಲದವೆಂಬುದನ್ನು ಕಂಡುಕೊಂಡರು. ಆ ಜೀನು ಕೆಟ್ಟ ಪಾಚಿಗೆ ಕಶಾಂಗವೇ ಇರಲಿಲ್ಲ. ರೋಗಪೀಡಿತ ಇಲಿಯ ಮೂತ್ರಪಿಂಡದ ಕೋಶಗಳಲ್ಲಿ ಪ್ರಾಥಮಿಕ ಲೋಮಾಂಗಗಳು ಮೋಟಾಗಿದ್ದವು. ಇದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ಮೌರೀನ್ ಬಾರ್ ಮತ್ತು ಪಾಲ್ ಸ್ಟರ್ನ್‌ಬರ್ಗ್ ಅವರು ಮನುಷ್ಯರ ಬಹುನೀರುಗುಳ್ಳೆ ಮೂತ್ರಪಿಂಡ ರೋಗಕ್ಕೆ ಕಾರಣವಾದ ಪ್ರೋಟೀನನ್ನು ಹೋಲುವ ಒಂದು ಪ್ರೋಟೀನು ದುಂಡುಹುಳುವಿನ ಸಂವೇದನಾ ಲೋಮಾಂಗಗಳಲ್ಲಿ ನೆಲೆಸಿರುವುದನ್ನು ತೋರಿಸಿದ್ದರು. ಪಾಚಿ, ಹುಳು, ಇಲಿ, ಮನುಷ್ಯ ಎಂಬ ನಾಲ್ಕು ಸಾಕ್ಷಿಗಳು ಒಂದೇ ಕಡೆಗೆ ಬೊಟ್ಟುಮಾಡಿದವು. ಸುಮಾರು ಸಾವಿರ ಮಂದಿಗೊಬ್ಬರಂತೆ ಬಾಧಿಸುವ ಮೂತ್ರಪಿಂಡ ರೋಗವೊಂದು ಲೋಮಾಂಗದೊಡನೆ ತಳುಕು ಹಾಕಿಕೊಂಡಿದೆಯೆಂದಾಗ, ಅದನ್ನು ಅವಶೇಷವೆನ್ನುವುದು ಸಾಧ್ಯವಾಗಲಿಲ್ಲ.

ಭಾರತದಲ್ಲಿಯೂ ಇದಕ್ಕೆ ಸಂಬಂಧಿಸಿದ ಕೆಲಸ ನಡೆದಿದೆ. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕರಾದ ಒಬೈದ್ ಸಿದ್ದೀಕಿ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ವೆರೋನಿಕಾ ರಾಡ್ರಿಗಸ್ ಅವರೊಡನೆ 1970ರ ದಶಕದಲ್ಲಿ ಹಣ್ಣುನೊಣದ ವಾಸನೆ ಮತ್ತು ರುಚಿಗ್ರಹಣದ ತಳಿವಿಜ್ಞಾನವನ್ನು ಆರಂಭಿಸಿದ್ದರು. ನೊಣದ ವಾಸನಾಗ್ರಾಹಕಗಳು ನೆಲೆಸಿರುವುದೂ ನರಕೋಶದ ತುದಿಯ ಲೋಮಾಂಗದಲ್ಲಿಯೇ. ಅದೇ ಮುಂಬಯಿ ಸಂಸ್ಥೆಯಲ್ಲಿ ಕೃಷಾನು ರೇ ಅವರ ಗುಂಪು ಈ ಲೋಮಾಂಗಗಳೊಳಗಿನ ಸಾಗಣೆಯ ಚಾಲಕ ಪ್ರೋಟೀನುಗಳನ್ನು ಅಧ್ಯಯನ ಮಾಡಿದೆ.

ಸಂಕೇತಗಳ ನೆಲೆ

2003ರಲ್ಲಿ ಕ್ಯಾಥ್ರಿನ್ ಆಂಡರ್ಸನ್ ಅವರ ಪ್ರಯೋಗಾಲಯದಿಂದ ಇನ್ನೊಂದು ಮಹತ್ವದ ಫಲಿತಾಂಶ ಹೊರಬಂದಿತು. ಭ್ರೂಣದಲ್ಲಿ ಬೆರಳುಗಳ ಸಂಖ್ಯೆ, ನರಹುರಿಯ ವಿನ್ಯಾಸ ಮುಂತಾದವನ್ನು ನಿರ್ಧರಿಸುವ ಹೆಜ್‌ಹಾಗ್ ಎಂಬ ಸಂಕೇತಮಾರ್ಗವಿದೆ. ಇಲಿಯ ಭ್ರೂಣದಲ್ಲಿ ಲೋಮಾಂಗ ಸಾಗಣೆಯ ಪ್ರೋಟೀನುಗಳು ಇಲ್ಲವಾದರೆ ಈ ಸಂಕೇತವೇ ಕೋಶಕ್ಕೆ ತಲುಪುವುದಿಲ್ಲವೆಂದು ಹುವಾಂಗ್‌ಫು ಮತ್ತು ಸಂಗಡಿಗರು ತೋರಿಸಿದರು. ಸಂಕೇತ ಬಂದಾಗ ಅದರ ಮುಖ್ಯ ಪ್ರೋಟೀನೊಂದು ಲೋಮಾಂಗದೊಳಕ್ಕೆ ಸರಿಯುವುದನ್ನು 2005ರಲ್ಲಿಯೂ, ಅದನ್ನು ತಡೆದಿಡುವ ಇನ್ನೊಂದು ಪ್ರೋಟೀನು ಆಗ ಹೊರಸರಿಯುವುದನ್ನು 2007ರಲ್ಲಿಯೂ ಕಂಡುಕೊಳ್ಳಲಾಯಿತು. ಲೋಮಾಂಗದ ದೋಷವುಳ್ಳ ಮಕ್ಕಳಲ್ಲಿ ಹೆಚ್ಚುವರಿ ಬೆರಳು ಏಕೆ ಮೂಡುತ್ತದೆಂಬುದಕ್ಕೆ ಇದರಿಂದ ವಿವರಣೆ ದೊರೆಯಿತು.

ದೇಹದ ಎಡಬಲಗಳ ನಿರ್ಧಾರದಲ್ಲಿಯೂ ಲೋಮಾಂಗದ ಪಾತ್ರವಿದೆ. ಹೃದಯ ಬಲಕ್ಕಿರುವುದು ಮತ್ತು ಪದೇ ಪದೇ ಶ್ವಾಸಕೋಶದ ಸೋಂಕಾಗುವುದು ಒಟ್ಟಿಗೆ ಕಾಣಿಸುವ ರೋಗವನ್ನು ಸೀವರ್ಟ್ 1904ರಲ್ಲಿಯೂ ಕಾರ್ಟಾಜೆನರ್ 1933ರಲ್ಲಿಯೂ ವರ್ಣಿಸಿದ್ದರು. ಸ್ವೀಡನ್ನಿನ ಬ್ಯೋರ್ನ್ ಅಫ್ಜೆಲಿಯಸ್ 1976ರಲ್ಲಿ, ಇಂಥವರ ಲೋಮಾಂಗಗಳು ಚಲಿಸುವುದಿಲ್ಲವೆಂದು ತೋರಿಸಿ, ಭ್ರೂಣದಲ್ಲಿ ಲೋಮಾಂಗದ ಬಡಿತವೇ ಎಡಬಲವನ್ನು ನಿರ್ಧರಿಸುತ್ತಿರಬೇಕೆಂದು ಊಹಿಸಿದರು. ಜಪಾನಿನ ನೊನಾಕ ಮತ್ತು ಸಂಗಡಿಗರು 1998ರಲ್ಲಿ, ಇಲಿಭ್ರೂಣದ ಚಿಕ್ಕ ಗುಳಿಯೊಂದರಲ್ಲಿ ಒಂಟಿ ಲೋಮಾಂಗಗಳು ಸುತ್ತುತ್ತ ದ್ರವವನ್ನು ಎಡಕ್ಕೆ ಹರಿಸುವುದನ್ನು ಕಂಡು ಆ ಊಹೆಗೆ ಆಧಾರ ಒದಗಿಸಿದರು. ಒಂಟಿ ಲೋಮಾಂಗಗಳೆಲ್ಲವೂ ನಿಶ್ಚಲವೆಂಬ ನಿಯಮಕ್ಕೆ ಇವು ಅಪವಾದ.

ಅರಿವಿನ ಈ ಹಾದಿ ನೇರವಾದುದಾಗಿರಲಿಲ್ಲ. ಮೂತ್ರದ ಹರಿವಿಗೆ ಲೋಮಾಂಗ ಬಾಗಿದಾಗ ಕ್ಯಾಲ್ಸಿಯಂ ಅಯಾನುಗಳು ಕೋಶದೊಳಕ್ಕೆ ಹರಿಯುತ್ತವೆಂದು ಪ್ರೆಟೋರಿಯಸ್ ಮತ್ತು ಸ್ಪ್ರಿಂಗ್ 2001ರಲ್ಲಿ ವರದಿ ಮಾಡಿದ್ದರು. ಅನೇಕ ವರ್ಷ ಇದೇ ಪಠ್ಯಪುಸ್ತಕಗಳ ವಿವರಣೆಯಾಗಿತ್ತು. 2016ರಲ್ಲಿ ಡೆಲ್ಲಿಂಗ್ ಮತ್ತು ಸಂಗಡಿಗರು ಹೆಚ್ಚು ಸೂಕ್ಷ್ಮವಾದ ಸಾಧನ ಬಳಸಿ, ಹರಿವಿನಿಂದ ಲೋಮಾಂಗದೊಳಗೆ ಅಂಥ ಕ್ಯಾಲ್ಸಿಯಂ ಪ್ರವೇಶ ಕಾಣುವುದಿಲ್ಲವೆಂದರು. 2023ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ, ಎಡಬಲವನ್ನು ನಿರ್ಧರಿಸುವ ಗುಳಿಯ ನಿಶ್ಚಲ ಲೋಮಾಂಗಗಳನ್ನು ಬೆಳಕಿನ ಚಿಮುಟದಿಂದ ಬಾಗಿಸಿ, ಅವು ಯಾಂತ್ರಿಕ ಬಲವನ್ನು ಗ್ರಹಿಸುತ್ತವೆಂದು ತೋರಿಸಿದವು. ಹೀಗೆ ಒಂದು ಅಂಗಾಂಶದಲ್ಲಿ ಸಿದ್ಧವಾದ ಮಾತನ್ನು ಎಲ್ಲ ಅಂಗಾಂಶಗಳಿಗೂ ಅನ್ವಯಿಸಲಾಗದು. 2022ರಲ್ಲಿ ಮೆದುಳಿನ ನರಕೋಶದ ಲೋಮಾಂಗವು ಇನ್ನೊಂದು ನರಕೋಶದ ಎಳೆಯೊಡನೆ ನೇರ ಸಂಪರ್ಕ ಹೊಂದಿರುವುದೂ ಕಂಡುಬಂದಿದೆ.

ಲೋಮಾಂಗ ರೋಗಗಳು

1866ರಲ್ಲಿ ಲಂಡನ್ನಿನ ಲಾರೆನ್ಸ್ ಮತ್ತು ಮೂನ್, 1920ರಲ್ಲಿ ಬಾರ್ಡೆ, 1922ರಲ್ಲಿ ಬೀಡ್ಲ್ ಎಂಬ ವೈದ್ಯರು ದೃಷ್ಟಿನಾಶ, ಬೊಜ್ಜು ಮೊದಲಾದ ಲಕ್ಷಣಗಳು ಒಂದೇ ಕುಟುಂಬದ ಮಕ್ಕಳಲ್ಲಿ ಜೊತೆಗೂಡಿ ಕಾಣುವುದನ್ನು ದಾಖಲಿಸಿದರು. ಇಂದು ಬಾರ್ಡೆ–ಬೀಡ್ಲ್ ಲಕ್ಷಣಕೂಟ ಎಂದು ಕರೆಯಲಾಗುವ ಈ ರೋಗದಲ್ಲಿ ಮಗುವಿಗೆ ಹುಟ್ಟಿನಿಂದಲೇ ಆರನೆಯ ಬೆರಳಿರಬಹುದು, ಕೆಲವೇ ವರ್ಷಗಳಲ್ಲಿ ತೂಕ ಏರತೊಡಗುತ್ತದೆ, ಮೊದಲು ಇರುಳಿನಲ್ಲಿ, ಅನಂತರ ಹಗಲಿನಲ್ಲಿಯೂ ದೃಷ್ಟಿ ಕುಂದುತ್ತದೆ, ಮೂತ್ರಪಿಂಡಗಳು ದುರ್ಬಲವಾಗುತ್ತವೆ. ಇವುಗಳನ್ನು ಬೆಸೆಯುವ ಸೂತ್ರವೇನೆಂಬುದು ಶತಮಾನಕ್ಕೂ ಹೆಚ್ಚು ಕಾಲ ಒಗಟಾಗಿತ್ತು. ಈ ರೋಗದ ಪ್ರೋಟೀನೊಂದು ಲೋಮಾಂಗದ ಬುಡದಲ್ಲಿದೆಯೆಂಬುದು 2003ರಲ್ಲಿ ತಿಳಿಯಿತು. ಇಂಥ ಹಲವು ಪ್ರೋಟೀನುಗಳು ಒಟ್ಟುಗೂಡಿ ಲೋಮಾಂಗದ ಸಾಗಣೆಯಲ್ಲಿ ಭಾಗವಹಿಸುತ್ತವೆಂಬುದು 2007ರಲ್ಲಿ ಸ್ಪಷ್ಟವಾಯಿತು. ಝೂಬೇರ್ ಲಕ್ಷಣಕೂಟ, ಮೆಕೆಲ್ ಲಕ್ಷಣಕೂಟ, ನೆಫ್ರಾನೊಫ್ತೀಸಿಸ್ ಎಂಬ ಮಕ್ಕಳ ಮೂತ್ರಪಿಂಡ ರೋಗ ಮುಂತಾದವೂ ಇದೇ ಗುಂಪಿಗೆ ಸೇರಿದವು.

ತಿಳಿವಳಿಕೆಯಿಂದ ಚಿಕಿತ್ಸೆಯೂ ನಿಧಾನವಾಗಿ ರೂಪುಗೊಳ್ಳುತ್ತಿದೆ. ಬಹುನೀರುಗುಳ್ಳೆ ಮೂತ್ರಪಿಂಡ ರೋಗದ ಗತಿಯನ್ನು ತಗ್ಗಿಸುವ ಟಾಲ್ವಾಪ್ಟಾನ್ ಔಷಧಿಗೆ 2014ರಲ್ಲಿ ಜಪಾನಿನಲ್ಲಿಯೂ 2018ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಬಾರ್ಡೆ–ಬೀಡ್ಲ್ ಲಕ್ಷಣಕೂಟದ ಬೊಜ್ಜಿಗೆ ಸೆಟ್‌ಮೆಲನೊಟೈಡ್ ಎಂಬ ಔಷಧಿಯನ್ನು 2022ರಲ್ಲಿ ಅಮೆರಿಕದಲ್ಲಿ ಅಂಗೀಕರಿಸಲಾಯಿತು. ಇವು ರೋಗವನ್ನು ನಿರ್ಮೂಲ ಮಾಡುವುದಿಲ್ಲ. ಸದ್ಯಕ್ಕೆ ಹೆಚ್ಚಿನ ಲೋಮಾಂಗ ರೋಗಗಳಲ್ಲಿ ಬೇಗನೆ ಗುರುತಿಸುವುದು, ಮೂತ್ರಪಿಂಡ ಮತ್ತು ದೃಷ್ಟಿಯ ಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸುವುದು, ಕುಟುಂಬಕ್ಕೆ ಸರಿಯಾದ ಮಾಹಿತಿ ನೀಡುವುದು ಇವೇ ಮುಖ್ಯ ಉಪಾಯಗಳು.

ಕರ್ನಾಟಕದ ಸಂದರ್ಭ

ದಕ್ಷಿಣ ಭಾರತದಲ್ಲಿ ಸೋದರಮಾವ ಅಕ್ಕನ ಮಗಳನ್ನು ತಂದುಕೊಳ್ಳುವುದೂ, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವುದೂ ಹಿಂದಿನಿಂದ ಬಂದ ರೂಢಿ. ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ಇದನ್ನು ದಕ್ಷಿಣದ ಬಂಧುತ್ವದ ವಿಶೇಷ ಲಕ್ಷಣವಾಗಿ ಚರ್ಚಿಸಿದ್ದಾರೆ. ಕರುಳುಬಳ್ಳಿ ಹರಿಯದಿರಲಿ, ಮಗಳು ಪರರ ಪಾಲಾಗದೆ ತವರಿನ ಆಸರೆಯಲ್ಲಿಯೇ ಇರಲಿ, ಹೊಲ ಮನೆ ಹಂಚಿಹೋಗದಿರಲಿ ಎಂಬ ಆಶಯಗಳು ಇದರ ಹಿಂದಿವೆ. ಇದನ್ನು ಕೇವಲ ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ.

ಇದರ ತಳಿವೈಜ್ಞಾನಿಕ ಪರಿಣಾಮಗಳ ಕುರಿತು ಕರ್ನಾಟಕದಲ್ಲಿಯೇ ಮಹತ್ವದ ಅಧ್ಯಯನಗಳು ನಡೆದಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾ ದೇವಿ ಮತ್ತು ಎ. ಎಚ್. ಬಿಟಲ್ಸ್ ಅವರು 1980ರ ದಶಕದಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತಪರೀಕ್ಷೆಯ ಕಾರ್ಯಕ್ರಮವನ್ನು ಆಧರಿಸಿ 1987ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಆ ದಶಕದಲ್ಲಿ ಪರಿಶೀಲಿಸಿದ ವಿವಾಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧಿಗಳ ನಡುವಿನವಾಗಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದಲ್ಲಿ ಈ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಾಗಿಯೇ ಇದೆ.

ಇಲ್ಲಿ ಲೆಕ್ಕ ಸರಳವಾದುದು. ಅಜ್ಜಿಯೊಬ್ಬಳಲ್ಲಿ ಅಪ್ರಬಲವಾದ ದೋಷಯುಕ್ತ ಜೀನೊಂದು ಇದೆಯೆನ್ನೋಣ. ಜೋಡಿಯ ಇನ್ನೊಂದು ಪ್ರತಿ ಸರಿಯಿರುವುದರಿಂದ ಆಕೆ ಆರೋಗ್ಯವಂತಳೇ. ಅದು ಆಕೆಯ ಮಗನಿಗೆ ಬರು​ವ ಸಾಧ್ಯತೆ ಎರಡರಲ್ಲಿ ಒಂದು. ಮಗಳ ಮಗಳಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಸೋದರಮಾವನೂ ಸೊಸೆಯೂ ವಿವಾಹವಾದರೆ ಇಬ್ಬರಲ್ಲಿಯೂ ಆ ಜೀನಿರುವ ಸಾಧ್ಯತೆ ಎಂಟರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಪ್ರತಿ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಟ್ಟಿನಲ್ಲಿ 32ರಲ್ಲಿ 1. ಅಜ್ಜಿಯ ಮಗನ ಮಗನೂ ಮಗಳ ಮಗಳೂ ವಿವಾಹವಾದರೆ ಇದೇ ಸಾಧ್ಯತೆ 64ರಲ್ಲಿ 1. ಸಂಬಂಧವಿಲ್ಲದವರ ನಡುವೆ, ಆ ಜೀನು ಸಮಾಜದಲ್ಲಿ ಅಪರೂಪವಾಗಿದ್ದರೆ, ಇದು ಅತ್ಯಲ್ಪ.

ಇದನ್ನು ಉತ್ಪ್ರೇಕ್ಷಿಸಲೂ ಬಾರದು. ವಿವಿಧ ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ ಬಿಟಲ್ಸ್ ಮತ್ತು ನೀಲ್ 1994ರಲ್ಲಿ ಮಾಡಿದ ಅಂದಾಜಿನಂತೆ, ಸೋದರ ಸಂಬಂಧಿಗಳ ಮಕ್ಕಳಲ್ಲಿ ಬಾಲ್ಯಮರಣದ ಹೆಚ್ಚಳ ಶೇಕಡಾ 4.4ರಷ್ಟು. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಮೇಲಾಗಿ ವಯಸ್ಕರ ಬಹುನೀರುಗುಳ್ಳೆ ಮೂತ್ರಪಿಂಡ ರೋಗ ಪ್ರಬಲ ಜೀನಿನದು; ಅದಕ್ಕೆ ತಂದೆ ತಾಯಿಗಳಲ್ಲಿ ಒಬ್ಬರಿಂದ ಬಂದ ದೋಷವೇ ಸಾಕು, ರಕ್ತಸಂಬಂಧಕ್ಕೂ ಅದಕ್ಕೂ ನಂಟಿಲ್ಲ. ಆದರೆ ಬಾರ್ಡೆ–ಬೀಡ್ಲ್, ಝೂಬೇರ್, ನೆಫ್ರಾನೊಫ್ತೀಸಿಸ್‌ಗಳಂಥವು ಅಪ್ರಬಲ ಜೀನಿನವು. ಸೀಮಿತ ಬಳಗದೊಳಗೆ ಮದುವೆಗಳಾಗುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿಯೂ ಕುವೈತಿನ ಬೆದೂಯಿನ್ ಜನರಲ್ಲಿಯೂ ಬಾರ್ಡೆ–ಬೀಡ್ಲ್ ಲಕ್ಷಣಕೂಟ ಇತರೆಡೆಗಿಂತ ಅನೇಕ ಪಟ್ಟು ಹೆಚ್ಚಾಗಿ ಕಾಣುತ್ತದೆ.

ಈ ಹಿನ್ನೆಲೆಯಲ್ಲಿ ತಾಲ್ಲೂಕು ಮಟ್ಟದ ವೈದ್ಯರ ಅರಿವು ನಿರ್ಣಾಯಕವಾದುದು. ಇರುಳುಗಣ್ಣೆಂದರೆ ಎ ಜೀವಸತ್ವದ ಕೊರತೆಯೇ ಮೊದಲು ನೆನಪಿಗೆ ಬರುವುದು ಸಹಜ. ಆದರೆ ಮಗುವಿಗೆ ಹುಟ್ಟಿನಲ್ಲಿ ಆರನೆಯ ಬೆರಳಿತ್ತೇ, ತೂಕ ಅತಿಯಾಗಿದೆಯೇ, ತಂದೆ ತಾಯಿ ಸಂಬಂಧಿಗಳೇ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿದೆಯೇ ಎಂಬ ನಾಲ್ಕು ಪ್ರಶ್ನೆಗಳು ಕಣ್ಣಿನ ತೊಂದರೆಯ ಹಿಂದಿರುವ ಮೂತ್ರಪಿಂಡದ ತೊಂದರೆಯನ್ನು ಸಕಾಲದಲ್ಲಿ ಹೊರತರಬಲ್ಲವು. ಇಲ್ಲವಾದರೆ ಬೆರಳನ್ನು ಶಸ್ತ್ರವೈದ್ಯರೂ, ಕಣ್ಣನ್ನು ನೇತ್ರವೈದ್ಯರೂ, ತೂಕವನ್ನು ಮನೆಯವರೂ ಬೇರೆಬೇರೆಯಾಗಿ ನೋಡುತ್ತ, ಮೂತ್ರಪಿಂಡ ಕೈಕೊಟ್ಟ ಮೇಲೆಯೇ ಎಲ್ಲವೂ ಒಂದೆಂದು ತಿಳಿಯುವ ಅಪಾಯವಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮುಂತಾದೆಡೆ ಇಂಥ ರೋಗಗಳ ಪರೀಕ್ಷೆ ಮತ್ತು ಸಮಾಲೋಚನೆಯ ವ್ಯವಸ್ಥೆಯಿದೆ. ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನೂ ಪ್ರಕಟಿಸಿದೆ. ಆದರೆ ಇಳಕಲ್ಲಿನಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಗ್ಗದ ದುಡಿಮೆಯನ್ನು ನೆಚ್ಚಿದ ಕುಟುಂಬಕ್ಕೆ ಆ ಪ್ರಯಾಣವೆಂದರೆ ಹಲವು ದಿನಗಳ ಕೂಲಿಯ ನಷ್ಟ. ಯಾರನ್ನು ಅಲ್ಲಿಗೆ ಕಳುಹಿಸಬೇಕೆಂಬುದನ್ನು ಇಲ್ಲಿಯೇ ಸರಿಯಾಗಿ ನಿರ್ಧರಿಸಬಲ್ಲ ವೈದ್ಯರು, ಜಿಲ್ಲಾ ಕೇಂದ್ರದಲ್ಲಿ ತಳಿ ಸಮಾಲೋಚನೆ, ಕನ್ನಡದಲ್ಲಿ ಬರೆದ ಮಾಹಿತಿ ಇವು ಇಂದಿನ ಅಗತ್ಯಗಳು.

ಉಪಸಂಹಾರ

ಝಿಮ್ಮರ್‌ಮಾನನ 1898ರ ಊಹೆಗೂ ಪಜೂರ್ ಮತ್ತು ಸಂಗಡಿಗರ 2000ದ ಸಿದ್ಧಿಗೂ ನಡುವೆ ನೂರಾಎರಡು ವರ್ಷಗಳ ಅಂತರವಿದೆ. ಈ ಅವಧಿಯುದ್ದಕ್ಕೂ ಲೋಮಾಂಗ ಅಲ್ಲಿಯೇ ಇತ್ತು. ಅದನ್ನು ಅಲ್ಲೊಬ್ಬರು ಇಲ್ಲೊಬ್ಬರು ನೋಡುತ್ತಲೂ ಇದ್ದರು. ಕೊರತೆಯಿದ್ದುದು ನೋಟದಲ್ಲಿ ಮಾತ್ರವಲ್ಲ, ಚಲಿಸದಿರುವುದಕ್ಕೂ ಕೆಲಸವಿರಬಹುದೆಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಳ್ಳುವುದರಲ್ಲಿ. ಪಾಚಿಯ ಕಶಾಂಗವನ್ನು ಯಾವ ರೋಗದ ಹಂಗೂ ಇಲ್ಲದೆ ಕುತೂಹಲದಿಂದ ನೋಡಿದವರಿಂದ ಮನುಷ್ಯರ ಮೂತ್ರಪಿಂಡ ರೋಗದ ಬಾಗಿಲು ತೆರೆಯಿತೆಂಬುದು ಮೂಲವಿಜ್ಞಾನದ ಪೋಷಣೆಗೆ ಬಲವಾದ ಸಮರ್ಥನೆಯಾಗಿದೆ.

ಆದರೆ ಪ್ರಯೋಗಾಲಯದಲ್ಲಿ ಒಗಟು ಬಿಡಿಸಿದೊಡನೆ ಅದು ಮನೆಯಲ್ಲಿ ಬಿಡಿಸಿದಂತಾಗುವುದಿಲ್ಲ. ಪ್ರಬಂಧಗಳಲ್ಲಿ ಎರಡು ದಶಕಗಳಿಂದ ತಿಳಿದಿರುವ ಸಂಗತಿ ಹುನಗುಂದ, ಬಾದಾಮಿಗಳ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ, ಮದುವೆಯ ಮಾತುಕತೆಗೆ ಕುಳಿತ ಹಿರಿಯರಿಗೂ, ಮೊದಲ ಮಗುವಿನ ಕಣ್ಣು ಮಂಕಾದುದನ್ನು ಕಂಡು ಎರಡನೆಯ ಮಗುವಿನ ಬಗೆಗೆ ಚಿಂತಿಸುವ ತಾಯಿಗೂ ಅವರವರ ಮಾತಿನಲ್ಲಿ ತಲುಪಿದಾಗಲೇ ಈ ಚರಿತ್ರೆ ಪೂರ್ಣವಾಗುತ್ತದೆ. ರೂಢಿಯನ್ನು ಹಳಿಯುವುದರಿಂದ ಈ ಕಾರ್ಯ ಸಾಧ್ಯವಾಗದು. ಕುಟುಂಬದಲ್ಲಿ ರೋಗದ ಕುರುಹು ಇದ್ದಲ್ಲಿ ಮೊದಲೇ ಪರೀಕ್ಷಿಸಿಕೊಂಡು, ತಿಳಿದು ನಿರ್ಧರಿಸುವ ಅವಕಾಶವನ್ನು ಜನರಿಗೆ ಒದಗಿಸುವುದರಿಂದ ಅದು ಸಾಧ್ಯ. ಕಣ್ಣಿಗೆ ಕಾಣದ ಒಂದು ಎಳೆಯ ಬಗೆಗೆ ಒಂದೂವರೆ ಶತಮಾನದಲ್ಲಿ ಕೂಡಿಬಂದ ಅರಿವು ಈ ಭಾಗದ ಜನಜೀವನಕ್ಕೆ ಉಪಯುಕ್ತವಾಗುವ ಬಗೆ ಇದೇ ಆಗಿದೆ.